ಅಮ್ಮನ ಹಸುವಿಗೆ ಬೆಲೆ ಕಟ್ಟಬೇಡಿ

ಪತ್ರ: ಕಳೆದ ಸಂಚಿಕೆಯಲ್ಲಿ ಜಿಂಬಾಬ್ವೆಯ ಶೋನಾ ಜನರ ಮದುವೆಯನ್ನು ಹೊಗಳಿದ್ದೀರಿ. ಗಂಡಿನವರು ಹಸು, ಹಣ ಕೊಟ್ಟು ಹುಡುಗಿಯನ್ನು ತರುತ್ತಾರಂತೆ. ಇದು ಹೆಣ್ಣನ್ನು ಕೊಂಡಂತಲ್ಲವೇ?
- ಓದುಗರೊಬ್ಬರು, ಹಾಸನ

ಉತ್ತರ: ಸ್ವಾಮಿ, ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಅಲ್ಲಿಯ ಎಷ್ಟೋ ಹೆಂಗಸರೂ ಇದನ್ನೇ ಹೇಳುತ್ತಾರೆ. ಗಂಡಿನವರು ಕೊಡುವ ಈ ಹಸು, ಹಣಕ್ಕೆ ಅಲ್ಲಿ ರೋರಾ ಎನ್ನುತ್ತಾರೆ. ‘ರೋರಾ ಕೊಟ್ಟಿದ್ದೇನೆ’ ಎಂದು ದರ್ಪ ತೋರುವ ಗಂಡಂದಿರಿದ್ದಾರೆ. ಡಾಲರಿನಲ್ಲೇ ಕೇಳುವ ಮಾವಂದಿರೂ ಇದ್ದಾರೆ. ಒಪ್ಪಿದೆ.

ಆದರೆ ‘ಕೊಂಡಂತೆ’ ಅಂದಿರಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಕೊಳ್ಳುವವನು ದುಡ್ಡು ಎಣಿಸಿ ಹೊರಟುಬಿಡುತ್ತಾನೆ. ಇಲ್ಲಿ ಗಂಡು ತಾನೇ ಹೋಗಿ ಮಾತಾಡುವಂತೆಯೇ ಇಲ್ಲ. ಮುನ್ಯಾಯಿ ಎಂಬ ನಡುವಿನವನು ಹೋಗಬೇಕು. ಅವನು ಮೊದಮೊದಲು ಇಡುವ ಕಾಣಿಕೆಗಳಲ್ಲೊಂದು ವುರಮುರೊಮೊ, ಅಂದರೆ ‘ಬಾಯಿ ಬಿಡಿಸುವುದು’. ಅದು ಬೀಳದೆ ಬೀಗರು ತುಟಿ ಬಿಚ್ಚುವುದಿಲ್ಲ! ಆಮೇಲೆ ಅಪ್ಪನಿಗೊಂದು ಕಾಣಿಕೆ, ಮಗಳು ಚಿಕ್ಕವಳಿದ್ದಾಗ ಅವನ ಗಡ್ಡ ಹಿಡಿದು ಆಡಿದ್ದಕ್ಕೆ. ಅಮ್ಮನಿಗೊಂದು, ಹೊಟ್ಟೆಯಲ್ಲಿ ಹೊತ್ತಿದ್ದಕ್ಕೆ. ಗಡ್ಡ ಎಳೆದದ್ದನ್ನೂ ನೆನಪಿಟ್ಟವರನ್ನು ವ್ಯಾಪಾರಿಗಳು ಅನ್ನೋದಾ?

ಇನ್ನು ಮೊಂಬೆ ಯೆಉಮಾಯಿ, ತಾಯಿಯ ಹಸು. ಉಳಿದ ದನಗಳ ಬದಲು ಈಗ ಹಣ ನಡೆಯುತ್ತದೆ. ಹಿಂದೆ ಕಬ್ಬಿಣದ ಗುದ್ದಲಿಯೂ ನಡೆಯುತ್ತಿತ್ತು. ಆದರೆ ಇದು ಮಾತ್ರ ಜೀವಂತ ಹಸುವೇ ಆಗಬೇಕು, ಕರು ಹಾಕುವಂಥದ್ದು. ಅದು ಅಮ್ಮನದು, ಅಪ್ಪ ಮುಟ್ಟುವಂತಿಲ್ಲ. ಅದನ್ನು ತಪ್ಪಿಸಿದರೆ ತಾಯಿ ಕಡೆಯ ತೀರಿಹೋದ ಹಿರಿಯರು ಮುನಿಯುತ್ತಾರೆ ಎಂಬ ಭಯ ಇವತ್ತಿಗೂ ಇದೆ.

ನಮ್ಮಲ್ಲೂ ಎಷ್ಟೋ ಜಾತಿಗಳಲ್ಲಿ ಗಂಡಿನವರು ಹೆಣ್ಣಿನವರಿಗೆ ಕೊಡುವ ತೆರ ಇತ್ತು. ನಮ್ಮಜ್ಜಿಗೆ ಹನ್ನೆರಡು ರೂಪಾಯಿ ತೆರ ಬಂದಿತ್ತಂತೆ. ಸಾಯುವ ತನಕ ಅದನ್ನು ಹೆಮ್ಮೆಯಿಂದ ಹೇಳಿಕೊಂಡಳು. ನಾವು ಓದಿದವರು ಅದನ್ನು ಹಳೇ ಕಾಲದ್ದು ಅಂತ ಬಿಟ್ಟೆವು, ವರದಕ್ಷಿಣೆ ಹಿಡಿದೆವು. 1961ರಲ್ಲಿ ಕಾಯ್ದೆ ಬಂತು, ದುಡ್ಡು ಮೇಜಿನ ಕೆಳಗೆ ಹೋಯಿತು, ಅಷ್ಟೇ. ಮೊನ್ನೆ ಒಂದು ಮದುವೆಗೆ ಹೋಗಿದ್ದೆ. ಮುಯ್ಯಿಗೆ ಕ್ಯೂಆರ್ ಕೋಡ್ ಅಂಟಿಸಿದ್ದರು. ವಧುವರರ ಮುಖವನ್ನೇ ನೋಡದೆ ಮುಯ್ಯಿ ಮುಗಿಸಿ, ಊಟದ ಸಾಲಿಗೆ ಓಡಿದೆವು.

ಪೂರ್ತಿ ಕೊಡಲಾಗದ ಬಡವನ ಗತಿಯೇನು ಅಂತಲೂ ನೀವು ಕೇಳಬಹುದು. ‘ಅಳಿಯ ಅತ್ತಿಮರ, ತಿಂದಷ್ಟೂ ಮುಗಿಯೋಲ್ಲ’ ಎನ್ನುವ ಗಾದೆ ಶೋನಾದಲ್ಲಿದೆ. ಒಂದೇ ಸಲ ಎಲ್ಲ ತೀರಿಸುವವನನ್ನು ಕಂಡರೇ ಅವರಿಗೆ ಅನುಮಾನ. ಬಾಕಿ ಇದ್ದರೆ ತಾನೇ ಅಳಿಯ ಮನೆಗೆ ಬರುತ್ತಿರುವುದು?

ಅಂದ ಹಾಗೆ, ನಿಮ್ಮ ಚಂದಾ ಈ ತಿಂಗಳಿಗೆ ಮುಗಿಯುತ್ತಿದೆ. ಅದನ್ನು ಮಾತ್ರ ಪೂರ್ತಿ ಕಟ್ಟಿಬಿಡಿ.