ಜಮಖಂಡಿಯವರ ಪ್ರಶ್ನೆಗೆ: ಮೂತ್ರಕೋಶದ ಆಪರೇಷನ್‌ಗೆ ಮೊದಲ ಮೂರು ವಾರ

ಅಪ್ಪಾರಿಗೆ ಮೂತ್ರಕೋಶದ ಕ್ಯಾನ್ಸರ್, ಮೂತ್ರಕೋಶ ತೆಗೆಯೋ ಆಪರೇಷನ್ ಮೂರು ವಾರದಾಗ ಐತಿ, ಮಲಗಿಸಿ ಆರಾಮ ಕೊಡಬೇಕೋ ಅಡ್ಡಾಡಿಸಬೇಕೋ, ಏನ್ ಉಣಿಸಬೇಕು ಅಂತ ಕೇಳೀರಿ.

ಅಡ್ಡಾಡಿಸ್ರಿ. ನಮ್ಮ ಕಾಕಾಗೂ ಬೆಳಗಾವಿಯೊಳಗ ಇದೇ ಆಪರೇಷನ್ ಆತು. ದಣೀತಾರ ಅಂತ ಆಪರೇಷನ್‌ಕ್ಕಿಂತ ಮುಂಚೆ ಹದಿನೈದು ದಿನ ಹಾಸಿಗಿ ಬಿಟ್ಟು ಏಳಗೊಡಲಿಲ್ಲ, ಆ ಸಂಕಟ ನನಗ ಈಗೂ ಐತಿ. ಮಲಗಿದಷ್ಟೂ ಕಾಲಿನ ಕಸುವು ಕರಗತೈತಿ. ದಿನಕ್ಕ ಎರಡು ಸಲ 15 ನಿಮಿಷ ನಡಸ್ರಿ, ನಿಧಾನಕ್ಕ ಹೆಚ್ಚಿಸ್ರಿ. ಮೂತ್ರದಾಗ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿದ್ರ ಮೊದಲ ಡಾಕ್ಟರನ್ನ ಕೇಳ್ರಿ.

ಊಟದಾಗ ಮುಖ್ಯ ಪ್ರೋಟೀನ್. ಕೆಜಿ ತೂಕಕ್ಕ 1.2ರಿಂದ 1.5 ಗ್ರಾಂ, ಅಂದ್ರ 60 ಕೆಜಿ ಇದ್ದವರಿಗೆ 72ರಿಂದ 90 ಗ್ರಾಂ. ಬರೇ ರೊಟ್ಟಿ, ಶೇಂಗಾ ಹಿಂಡಿಯಿಂದ ಇದು ತುಂಬೂದಿಲ್ಲ. ಮಡಕಿಕಾಳ ಪಲ್ಯ, ಝುಣಕ, ಗಟ್ಟಿ ಮೊಸರು, ತತ್ತಿ ಕೊಡ್ರಿ. ಕಾಕಾಗ ಹಸಿವೇ ಇರಲಿಲ್ಲ. ಕಾಕು ರೊಟ್ಟಿ ಮುರಿದು ಹಾಲಿನಾಗ ನೆನಸಿ, ಎರಡು ತಾಸಿಗೊಮ್ಮೆ ಸಣ್ಣ ಬಟ್ಟಲದಾಗ ಉಣಸತಿದ್ರು. ಕಿಡ್ನಿ ಹೆಂಗ ಕೆಲಸ ಮಾಡತಾವ ಅಂತ ತೋರಸೋ ರಕ್ತ ಪರೀಕ್ಷೆಯೊಳಗ ಕ್ರಿಯಾಟಿನಿನ್ ಏರಿದ್ರ ಮಾತ್ರ ಈ ಲೆಕ್ಕ ಡಾಕ್ಟರ್ ಹೇಳಿದಂಗ.

ಬೀಡಿ ಇವತ್ತ ಬಿಡಸ್ರಿ. ಈ ಕ್ಯಾನ್ಸರಿನ ದೊಡ್ಡ ಕಾರಣನ ಹೊಗಿ, ಗಾಯ ಮಾಯಾಕೂ ಅದು ಅಡ್ಡಿ. ಶ್ವಾಸಕೋಶದ ವ್ಯಾಯಾಮಕ್ಕ ಮೂರು ಚೆಂಡಿನ ಉಸಿರಾಟದ ಡಬ್ಬಿ (ಸ್ಪೈರೋಮೀಟರ್) ತಂದು ಈಗಿಂದನ ರೂಢಿ ಮಾಡಸ್ರಿ. ಅದನ್ನ ಊದಬಾರದು, ಉಸಿರು ಒಳಗ ಎಳೀಬೇಕು. ಕಾಕಾ ಎರಡು ದಿನ ಊದಕೋತನ ಕುಂತಿದ್ರು.

ಕರುಳಿನ ತುಂಡು ತೆಗೆದು ಮೂತ್ರದ ದಾರಿ ಮಾಡತಾರ, ಹಂಗಾಗಿ ಆಪರೇಷನ್ ಆದಮ್ಯಾಲ ಕೆಲವು ದಿನ ಹೊಟ್ಟಿ ಉಬ್ಬಬಹುದು. ಡಾಕ್ಟರ್ ಹೇಳಿದಂಗ ಗಂಜಿ, ಮಜ್ಜಿಗಿ ಅನ್ನದಿಂದ ಸುರು ಮಾಡ್ರಿ. ಆರು ವಾರ ತುಂಬಿದ ಕೊಡ ಎತ್ತಾಕ ಬಿಡಬ್ಯಾಡ್ರಿ.