ಟೂರ್‌ನಲ್ಲಿ ಆಡಿದರೆ ಸಂಬಳ ಸಿಗುತ್ತದಾ?

ಪ್ರಶ್ನೆ: ಅದಿತಿ ಅಶೋಕ್ ಆಟ ನೋಡಿ ಮಗಳಿಗೆ ಗಾಲ್ಫ್ ಹುಚ್ಚು. ವಿದೇಶದ ಟೂರ್‌ಗಳಲ್ಲಿ, ಅಂದರೆ ಸಾಲುಸಾಲು ಟೂರ್ನಿಗಳ ಸರಣಿಗಳಲ್ಲಿ, ಸಂಬಳ ಇರುತ್ತದಾ ಅಣ್ಣಾ? – ಓದುಗರೊಬ್ಬರು, ಬದಿಯಡ್ಕ

ಉತ್ತರ: ಸಂಬಳ ಇಲ್ಲ ತಂಗೀ. ಸಾಮಾನ್ಯವಾಗಿ 36 ಹೋಲ್, ಅಂದರೆ ಎರಡು ಸುತ್ತು, ಆದ ಮೇಲೆ ‘ಕಟ್’: ಹಿಂದುಳಿದವರು ಟೂರ್ನಿಯಿಂದ ಹೊರಗೆ. ಅದರೊಳಗೆ ಬಾರದಿದ್ದರೆ ಬಹುಮಾನದ ಹಣವೂ ಇಲ್ಲ. ವಿಮಾನ, ರೂಮು, ಕ್ಯಾಡಿಯ (ಆಟಗಾರರ ಬ್ಯಾಗ್ ಹೊರುವವರ) ಖರ್ಚು ಮಾತ್ರ ತಪ್ಪುವುದಿಲ್ಲ.

ಬೆಂಗಳೂರಿನ ಅದಿತಿ 2016ರಲ್ಲಿ ವೃತ್ತಿಪರರಾದರು. ಅದೇ ವರ್ಷ ಇಂಡಿಯನ್ ಓಪನ್ ಗೆದ್ದರು. ಅದು ಲೇಡೀಸ್ ಯುರೋಪಿಯನ್ ಟೂರ್‌ನ ಟೂರ್ನಿ; ಆ ಟೂರ್‌ನಲ್ಲಿ ಗೆದ್ದ ಮೊದಲ ಭಾರತೀಯೆ ಅವರೇ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿಗೆ ನಾನು ಕಾಸರಗೋಡಿನ ಮನೆಯಲ್ಲಿ ನಸುಕಿಗೇ ಟಿವಿ ಹಾಕಿ ಕೂತಿದ್ದೆ. ಹೊರಗೆ ಆಟಿಯ ಮಳೆ. ಅದಿತಿಯ ಬ್ಯಾಗ್ ಹೊತ್ತಿದ್ದವರು ಅವರ ಅಮ್ಮ! ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಚಹಾ ಆರಿದ್ದೇ ಗೊತ್ತಾಗಲಿಲ್ಲ.

ಮಗಳಿಗೆ ಮೊದಲು ಪಟ್ಟಿಂಗ್, ಅಂದರೆ ಕುಳಿಯ ಹತ್ತಿರದಿಂದ ಚೆಂಡನ್ನು ಮೆಲ್ಲಗೆ ಉರುಳಿಸಿ ಒಳಗೆ ಹಾಕುವುದು, ಕಲಿಸಿ. ಅದಿತಿಯ ಬಲ ಅದೇ, ಜಾಸ್ತಿ ದೂರ ಹೊಡೆಯುವುದಲ್ಲ.