ಕರಪತ್ರವೋ, ಮನೆಬಾಗಿಲ ಮಾತೋ?

ಸ್ಥಳೀಯ ಚುನಾವಣೆಗೆ ಮೂರೇ ವಾರ ಉಳಿದಿರುವಾಗ, ಹೆಚ್ಚು ಜನ ಮತ ಹಾಕುವಂತೆ ಮಾಡಲು ಇರುವ ಎಂಟು ಮಂದಿ ಸ್ವಯಂಸೇವಕರನ್ನು ಅಂಚೆಯಲ್ಲಿ ಕರಪತ್ರ ಕಳುಹಿಸುವ ಕೆಲಸಕ್ಕೆ ಹಚ್ಚಬೇಕೋ, ಮನೆಮನೆಗೆ ಕಳುಹಿಸಬೇಕೋ ಎಂದು ಕೇಳಿದ್ದೀರಿ. ಮನೆಮನೆಗೇ ಕಳುಹಿಸಿ ಎಂಬುದು ನನ್ನ ಸಲಹೆ. ರಾಜಕೀಯ ವಿಜ್ಞಾನಿಗಳಾದ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ನಡೆಸಿದ ಪ್ರಯೋಗದಲ್ಲಿ ಮುಖಾಮುಖಿ ಮಾತುಕತೆಯಿಂದ ಮತದಾನ ಗಣನೀಯವಾಗಿ ಹೆಚ್ಚಿತು. ಅಂಚೆಯ ಪತ್ರಗಳ ಪರಿಣಾಮ ಅತ್ಯಲ್ಪವಾಗಿತ್ತು, ದೂರವಾಣಿ ಕರೆಗಳಂತೂ ಫಲ ಕೊಡಲಿಲ್ಲ.

ಆದರೆ ಬಾಗಿಲಲ್ಲಿ ನಿಂತು ಮತದಾನದ ಪಾವಿತ್ರ್ಯವನ್ನು ಉಪದೇಶಿಸಬೇಡಿ (ಎಲ್ಲರೂ ತಲೆಯಾಡಿಸುತ್ತಾರೆ, ಮರೆಯುತ್ತಾರೆ). “ಎಷ್ಟು ಗಂಟೆಗೆ ಹೊರಡುತ್ತೀರಿ? ಮನೆಯಿಂದಲೇ ಹೋಗುತ್ತೀರೋ, ಕೆಲಸ ಮುಗಿಸಿಕೊಂಡೋ? ಜೊತೆಗೆ ಯಾರು ಬರುತ್ತಾರೆ?” ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ, ಉತ್ತರ ಹೇಳುವಷ್ಟರಲ್ಲಿ ಅವರ ಮನಸ್ಸಿನಲ್ಲಿ ಆ ದಿನದ ಲೆಕ್ಕಾಚಾರ ಸಿದ್ಧವಾಗಿರುತ್ತದೆ.

ಸ್ಥಳೀಯ ಚುನಾವಣೆಯಲ್ಲಿ ಯಾರು ಸ್ಪರ್ಧಿಸಿದ್ದಾರೆ, ಗೆದ್ದವರಿಗೆ ಯಾವ ಅಧಿಕಾರವಿದೆ ಎಂಬುದು ತಿಳಿಯದೆಯೇ ಅನೇಕರು ಮನೆಯಲ್ಲಿ ಉಳಿಯುತ್ತಾರೆ. ಹೀಗಾಗಿ ಅಭ್ಯರ್ಥಿಗಳೆಲ್ಲರ ಹೆಸರು ಮತ್ತು ಮತಗಟ್ಟೆಯ ವಿಳಾಸವಿರುವ, ಯಾರ ಪರವೂ ವಹಿಸದ ಒಂದು ಸಣ್ಣ ಚೀಟಿಯನ್ನು ಕೈಗೆ ಕೊಡಿ. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಇದೆಯೇ ಎಂಬುದನ್ನು ಮೊದಲ ಭೇಟಿಯಲ್ಲೇ ಖಚಿತಪಡಿಸಿಕೊಳ್ಳಿ; ಕೊನೆಯ ದಿನ ಗೊತ್ತಾದರೆ ಪ್ರಯೋಜನವಿಲ್ಲ.